ಮಾಯೆ ಬಿಟ್ಟು ಹೊಲಿದ ಬಟ್ಟೆ

ಹೋದ ತಿಂಗಳು ಮೊಮ್ಮಗಳು ಒಂದು ಕುರ್ತಾ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಎರಡು ವರ್ಷದ ಹಿಂದೆ ಮಾಲ್‌ನಲ್ಲಿ ಕೊಂಡದ್ದು. ಬಣ್ಣ ಮಾಸಿಲ್ಲ, ಬಟ್ಟೆ ಎಲ್ಲೂ ಹಿಸಿದಿಲ್ಲ, ಆದರೆ ಕಂಕುಳಲ್ಲಿ ಬಿಗಿ. "ಅಜ್ಜಿ, ಸ್ವಲ್ಪ ಸಡಿಲ ಮಾಡಿಕೊಡ್ತೀಯಾ? ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ" ಅಂದಳು.

ಕನ್ನಡಕ ಏರಿಸಿ, ಕುರ್ತಾವನ್ನು ಒಳಮಗ್ಗುಲು ಮಾಡಿ ನೋಡಿದೆ. ಬದಿಯ ಹೊಲಿಗೆಯ ಆಚೆ ಕಾಲು ಇಂಚು ಬಟ್ಟೆಯೂ ಇರಲಿಲ್ಲ. ಓವರ್‌ಲಾಕ್ ಯಂತ್ರ ಅಂಚನ್ನು ಕತ್ತರಿಸುತ್ತಲೇ ದಾರ ಸುತ್ತಿಕೊಂಡು ಹೋಗಿತ್ತು. ಬಿಚ್ಚಿದರೆ ಕೈಗೆ ಬರುವುದು ದಾರ ಅಷ್ಟೇ. "ಇದರಾಗ ಮಾಯಾನ ಇಲ್ಲಲ್ಲೇ" ಅಂದೆ. ಅವಳು ಪಕಪಕ ನಕ್ಕಳು. ಅಜ್ಜಿ ವೇದಾಂತ ಶುರು ಮಾಡಿದಳು ಅಂದುಕೊಂಡಿರಬೇಕು!

ಮುಂಬಯಿಯಲ್ಲಿ ಮರಾಠಿ ನೆರೆಹೊರೆಯವರ ಜೊತೆ ಬಾಳಿದ ಕನ್ನಡದ ಹೆಂಗಸರಿಗೆ ಈ ಮಾತು ಗೊತ್ತಿರುತ್ತದೆ. ಹೊಲಿಗೆಯ ಆಚೆ ಒಳಗೆ ಉಳಿಸಿಕೊಳ್ಳುವ ಹೆಚ್ಚುವರಿ ಬಟ್ಟೆಗೆ ಮರಾಠಿಯಲ್ಲಿ 'ಮಾಯಾ' ಎನ್ನುತ್ತಾರೆ. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ದಪ್ಪವಾಗುತ್ತಾರೆ, ಬಟ್ಟೆ ಒಗೆದರೆ ಕುಗ್ಗುತ್ತದೆ. ಅದಕ್ಕೆಲ್ಲ ಇರಲಿ ಎಂದು ಒಳಗೆ ಬಿಡುವ ಒಂದು ಇಂಚು, ಒಂದೂವರೆ ಇಂಚು. ಅದೇ ಶಬ್ದಕ್ಕೆ ಅವರಲ್ಲಿ ಮಮತೆ ಎಂಬ ಅರ್ಥವೂ ಇದೆ. ನಮ್ಮಲ್ಲಿ ಮಾಯೆ ಅಂದರೆ ಇದ್ದಂತೆ ಕಂಡು ಇಲ್ಲದ್ದು. ಈ ಬಟ್ಟೆ ಮಾತ್ರ ಕಾಣದಂತೆ ಒಳಗೆ ಇರುವಂಥದ್ದು.

ಹಳೆ ಬಟ್ಟೆಯನ್ನು ಬಿಚ್ಚಿ, ಹೊಸದಾಗಿ ಹೊಲಿಯುವ ಕೆಲಸಕ್ಕೆ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಚರಿತ್ರೆ ಇದೆ. ಅದನ್ನು ಯಾರೂ ಬರೆದಿಡಲಿಲ್ಲ, ಏಕೆಂದರೆ ಅದನ್ನು ಕೆಲಸ ಅಂತ ಯಾರೂ ಎಣಿಸಲಿಲ್ಲ. ಬಟ್ಟೆಯ ಬೆಲೆ ಎಷ್ಟು, ಅದನ್ನು ಹೊಲಿಯುವ ಕೈಯ ಬೆಲೆ ಎಷ್ಟು, ಈ ಎರಡರ ನಡುವೆ ಆ ಚರಿತ್ರೆ ಅಡಗಿದೆ ಎಂದು ನನಗೆ ಬಹಳ ತಡವಾಗಿ ಹೊಳೆಯಿತು. ಅದು ಹೇಗೆ ಹೊಳೆಯಿತು ಎಂದು ಮುಂದೆ ಹೇಳುತ್ತೇನೆ.

ಗೋರೆಗಾಂವ್‌ನ ಖೋಲಿ

ನಾನು ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಗೋರೆಗಾಂವ್‌ಗೆ ಬಂದದ್ದು 1974ರಲ್ಲಿ. ಪಶ್ಚಿಮದ ಕಡೆ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಒಂದು ಚಾಳು. ಹತ್ತು ಹನ್ನೆರಡು ಅಡಿಯ ಖೋಲಿ. ನಮ್ಮವರಿಗೆ ಫೋರ್ಟ್‌ನಲ್ಲಿ ಕಾರಕೂನಿಕೆ, ಕೈಗೆ ಬರುತ್ತಿದ್ದದ್ದು 400 ರೂಪಾಯಿಗೆ ಸ್ವಲ್ಪ ಮೇಲೆ. ಅದರಲ್ಲಿ ಊರಿಗೂ ಕಳಿಸಬೇಕು. ಬೆಲೆ ಏರಿಕೆಯ ಕಾಲ ಅದು. ನಾನು ಬರುವುದಕ್ಕೆ ಸ್ವಲ್ಪ ಮೊದಲು, 1972-73ರಲ್ಲಿ, ಇದೇ ಗೋರೆಗಾಂವ್‌ನ ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಮೊದಲಾದವರ ಮುಂದಾಳತ್ವದಲ್ಲಿ ಹೆಂಗಸರು ಲಟ್ಟಣಿಗೆ ಹಿಡಿದು ಮೋರ್ಚಾ ಹೋಗಿದ್ದರು. ಆ ಕಥೆಯನ್ನು ನೀರಿನ ಸಾಲಿನಲ್ಲಿ ನಿಂತಾಗಲೆಲ್ಲ ಕೇಳುತ್ತಿದ್ದೆ.

ನಮ್ಮ ಬಲಗಡೆ ಖೋಲಿಯಲ್ಲಿ ಉಡುಪಿ ಕಡೆಯ ಅಕ್ಕ, ಎಡಗಡೆ ರತ್ನಾಗಿರಿಯ ಕಾಕೂ. ಕಾಕೂರ ಯಜಮಾನರು ದಿನಾ ಲೋವರ್ ಪರೇಲ್‌ಗೆ ಲೋಕಲ್ ಹಿಡಿದು ಮಿಲ್ಲಿಗೆ ಹೋಗುತ್ತಿದ್ದರು. ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ ಮೂವರೂ ಕಾಮನ್ ಗ್ಯಾಲರಿಯಲ್ಲಿ ಕಾಲು ಚಾಚಿ ಕೂತರೆ ಮಡಿಲಲ್ಲಿ ಹಳೆ ಬಟ್ಟೆ, ಕೈಯಲ್ಲಿ ಸೂಜಿ. ನಾನು ಊರಲ್ಲಿ ಕೌದಿ ಹೊಲಿದವಳು, ಕಸೂತಿಯೂ ಅಲ್ಪಸ್ವಲ್ಪ ಬರುತ್ತಿತ್ತು. ಆದರೆ ಅಂಗಿ, ಪ್ಯಾಂಟಿನ ಒಳಹೊರಗು ಕಲಿಸಿದವರು ಕಾಕೂ.

ಮೊದಲ ಪಾಠ ಕಾಲರ್. ಗಂಡಸರ ಅಂಗಿ ಮೊದಲು ಸವೆಯುವುದು ಕಾಲರಿನ ಮಡಿಕೆಯಲ್ಲಿ. ಅಂಗಿಯ ಮೈ ಗಟ್ಟಿಯಿದ್ದರೂ ಕುತ್ತಿಗೆಯ ಹತ್ತಿರ ನೂಲು ಎದ್ದು ನಿಲ್ಲುತ್ತದೆ. ಆಗ ಕಾಲರನ್ನು ಅದರ ಪಟ್ಟಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿ ಬೇರ್ಪಡಿಸಬೇಕು. ಮಗುಚಿ, ಒಳಮುಖವನ್ನು ಹೊರಗೆ ಮಾಡಿ, ಮತ್ತೆ ಅದೇ ಪಟ್ಟಿಯೊಳಗೆ ಕೂರಿಸಿ ಹೊಲಿಯಬೇಕು. ನಟ್ಟನಡುವೆ ಗುರುತು ಹಾಕಿಕೊಳ್ಳದಿದ್ದರೆ ಒಂದು ಕಿವಿ ಉದ್ದ, ಒಂದು ಕಿವಿ ಗಿಡ್ಡ! ನಾನು ಮೊದಲು ಮಗುಚಿದ ಕಾಲರ್ ಹಾಗೇ ಆಗಿ, ನಮ್ಮವರು ಒಂದು ವಾರ ಕತ್ತು ಓರೆ ಮಾಡಿಕೊಂಡು ಆಫೀಸಿಗೆ ಹೋದರು ಎಂದು ಅಕ್ಕ ಚೇಷ್ಟೆ ಮಾಡುತ್ತಿದ್ದರು. ಸರಿಯಾಗಿ ಮಗುಚಿದರೆ ಅಂಗಿಗೆ ಇನ್ನೂ ಒಂದೂವರೆ ಎರಡು ವರ್ಷ ಆಯುಷ್ಯ.

ಎರಡನೆಯದು ಶಾಲೆಯ ಯೂನಿಫಾರ್ಮ್. ಜೂನ್‌ನಲ್ಲಿ ಹೊಲಿಸುವಾಗಲೇ ಅಂಚಿನಲ್ಲಿ ಮೂರು ನಾಲ್ಕು ಇಂಚು ಒಳಗೆ ಮಡಿಚಿಡುವುದು, ವರ್ಷಕ್ಕೊಂದು ಮಡಿಕೆ ಇಳಿಸುವುದು. ಇಳಿಸಿದಾಗ ಹಳೆ ಮಡಿಕೆ ಇದ್ದ ಜಾಗದಲ್ಲಿ ಬಿಸಿಲು ಕಾಣದ ಬಟ್ಟೆಯ ಗಾಢ ಬಣ್ಣದ ಪಟ್ಟೆ ಎದ್ದು ಕಾಣುತ್ತದೆ. ಇದು ಹೋದ ವರ್ಷದ ಲಂಗ ಎಂದು ಇಡೀ ಕ್ಲಾಸಿಗೆ ಸಾರುವ ಪಟ್ಟೆ. ಅದರ ಮೇಲೆ ಸಣ್ಣ ಟಕ್ ಹಿಡಿದೋ, ಲೇಸು ಕೂರಿಸಿಯೋ ಮುಚ್ಚಬೇಕು. ಮಕ್ಕಳ ಮಾನ ಕಾಯುವ ಕೆಲಸ ಅದು.

ಇನ್ನು ಫ್ಯಾಷನ್. 1973ರಲ್ಲಿ 'ಬಾಬಿ' ಬಂದ ಮೇಲೆ ಚಾಳಿನ ಹುಡುಗರಿಗೆಲ್ಲ ಬೆಲ್‌ಬಾಟಮ್ ಬೇಕು. ಹೊಸ ಪ್ಯಾಂಟಿಗೆ ದುಡ್ಡೆಲ್ಲಿ? ಇದ್ದ ಪ್ಯಾಂಟಿನ ಬದಿಯ ಹೊಲಿಗೆಯನ್ನು ಮೊಣಕಾಲಿನಿಂದ ಕೆಳಗೆ ಬಿಚ್ಚಿ, ನಡುವೆ ತ್ರಿಕೋನದ ಒಂದು ಕಲಿ ಕೂರಿಸಿದರೆ ಬೆಲ್‌ಬಾಟಮ್ ತಯಾರು. ಕೆಲವೇ ವರ್ಷದಲ್ಲಿ ಫ್ಯಾಷನ್ ಮತ್ತೆ ತಿರುಗಿತು. ಅದೇ ಕಲಿಯನ್ನು ಬಿಚ್ಚಿ ತೆಗೆದು ಪ್ಯಾಂಟು ಸಣ್ಣ ಮಾಡಿದ್ದೂ ಉಂಟು. ಮಂಗಳದಾಸ್ ಮಾರ್ಕೆಟ್ಟಿನ ಕಟ್‌ಪೀಸು, ಮಿಲ್ಲಿನ ಅಂಗಡಿಯ ತುಂಡು ಬಟ್ಟೆ, ಇವೆಲ್ಲ ಇಂಥ ಕಲಿಗಳಿಗೇ.

ಇದೆಲ್ಲ ಮಾಡುವಾಗ ಕಾಕೂ ಹೇಳುತ್ತಿದ್ದ ಒಂದೇ ಮಂತ್ರ: "ಮಾಯಾ ಠೇವ, ಮಾಯಾ ಠೇವ." ಒಳಗೆ ಬಟ್ಟೆ ಬಿಡು, ಬಿಟ್ಟಿಟ್ಟರೆ ಮುಂದೆ ಕೈಗೆ ಬರುತ್ತದೆ.

ಕಾನ್ಹೇರಿಯ ಭಿಕ್ಷುಗಳ ಕಾಲದಿಂದ

ಈ ಲೆಕ್ಕಾಚಾರ ಚಾಳಿನಲ್ಲಿ ಹುಟ್ಟಿದ್ದೇನಲ್ಲ. ನಮ್ಮ ಗೋರೆಗಾಂವ್‌ನ ಬೆನ್ನ ಹಿಂದೆ, ಆರೇ ಕಾಡಿನ ಆಚೆ, ಬೊರಿವಲಿ ಕಡೆಯಿಂದ ಹೋಗಬೇಕಾದ ಕಾನ್ಹೇರಿ ಗುಹೆಗಳಿವೆಯಲ್ಲ, ಅಲ್ಲಿ ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಸಾವಿರ ವರ್ಷದಷ್ಟು ಕಾಲ ಬೌದ್ಧ ಭಿಕ್ಷುಗಳು ಇದ್ದರು. ಆ ಭಿಕ್ಷುಗಳ ಚೀವರ ಎಂದರೆ ಹೊಲಿದು ಜೋಡಿಸಿದ ಬಟ್ಟೆ. ಕಸದ ರಾಶಿಯಲ್ಲಿ, ಸ್ಮಶಾನದಲ್ಲಿ ಸಿಕ್ಕ ಚಿಂದಿ ಆಯ್ದು, ಒಗೆದು, ಬಣ್ಣ ಹಾಕಿ ಹೊಲಿದುಕೊಳ್ಳುವ ಪದ್ಧತಿಗೆ ಪಾಂಸುಕೂಲ ಎಂದು ಹೆಸರು. ಮಗಧದ ಗದ್ದೆಗಳನ್ನು ತೋರಿಸಿ, ಬದುಗಳ ಹಾಗೆ ಸಾಲುಸಾಲಾಗಿ ತುಂಡು ಜೋಡಿಸಿ ಚೀವರ ಹೊಲಿಯಬಹುದೇ ಎಂದು ಬುದ್ಧ ಕೇಳಿದನಂತೆ. ಶಿಷ್ಯ ಆನಂದ ಹಾಗೇ ಹೊಲಿದು ತೋರಿಸಿದನಂತೆ. ವಿನಯಪಿಟಕದಲ್ಲಿ ಈ ಕಥೆ ಬರುತ್ತದೆ.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ, ನನಗೆ ಬಹಳ ಇಷ್ಟ. ಕೌಶಾಂಬಿಯ ರಾಜ ಉದಯನನ ಅಂತಃಪುರದ ಹೆಂಗಸರು ಆನಂದನಿಗೆ 500 ಉತ್ತರೀಯ ಕೊಟ್ಟುಬಿಡುತ್ತಾರೆ. ರಾಜನಿಗೆ ಅನುಮಾನ, ಈ ಸನ್ಯಾಸಿ ಬಟ್ಟೆ ಅಂಗಡಿ ಇಡುತ್ತಾನೋ ಹೇಗೆ? ಬಂದು ಕೇಳುತ್ತಾನೆ. ಆನಂದ ಉತ್ತರಿಸುತ್ತಾನೆ: ಚೀವರ ಸವೆದ ಭಿಕ್ಷುಗಳಿಗೆ ಹಂಚುತ್ತೇವೆ. ಹಾಗಾದರೆ ಅವರ ಹಳೆಯದು? ಹಾಸಿಗೆಯ ಮೇಲುಹೊದಿಕೆ. ಹಳೆಯ ಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಅದು ಹಳತಾದರೆ ಕಾಲೊರಸು. ಅದೂ ಹೋದರೆ ಧೂಳು ಒರಸುವ ಬಟ್ಟೆ. ಕೊನೆಗೆ ಅದನ್ನು ಚೂರು ಮಾಡಿ, ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜನಿಗೆ ಸಂತೋಷವಾಗಿ ಇನ್ನೂ 500 ಕೊಟ್ಟನಂತೆ!

ಬಟ್ಟೆಗೆ ಆಗ ಎಷ್ಟು ಬೆಲೆ ಇತ್ತು ಎನ್ನುವುದಕ್ಕೆ ನಾಸಿಕದ ಪಾಂಡವಲೇಣಿಯಲ್ಲಿ ಕಲ್ಲಿನ ಸಾಕ್ಷಿ ಇದೆ. ಸುಮಾರು 1900 ವರ್ಷಗಳ ಹಿಂದೆ ಕ್ಷತ್ರಪ ರಾಜ ನಹಪಾನನ ಅಳಿಯ ಉಷವದಾತ ಅಲ್ಲಿಯ ಗುಹೆಯ ಭಿಕ್ಷುಗಳಿಗಾಗಿ ನೇಕಾರರ ಶ್ರೇಣಿಯಲ್ಲಿ 2000 ಕಾರ್ಷಾಪಣ ಠೇವಣಿ ಇಟ್ಟ. ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ವರ್ಷಕ್ಕೆ 240 ಆಯಿತು. ಮಳೆಗಾಲ ಅಲ್ಲಿ ಕಳೆಯುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಚೀವರಕ್ಕೆ ಎಂದು ಶಾಸನ ಹೇಳುತ್ತದೆ. ಬಟ್ಟೆಗಾಗಿ ಬ್ಯಾಂಕಿನಲ್ಲಿ ಠೇವಣಿ ಇಟ್ಟ ಹಾಗೆ! ಠೇವಣಿಯೂ ನೇಕಾರರ ಹತ್ತಿರವೇ. ಅಷ್ಟು ದುಬಾರಿಯಾದ ವಸ್ತುವನ್ನು ಮಣ್ಣಿನಲ್ಲಿ ಕಲಸುವ ತನಕ ಬಿಡದೆ ಬಳಸಿದರೆ ಆಶ್ಚರ್ಯವೇನು?

ನಮ್ಮ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಮರಾಠಿ ಸಂತ ನಾಮದೇವರು ಶಿಂಪಿಗ ಮನೆತನದವರು. ಸೂಜಿ ಹಿಡಿದ ಗಂಡಸರ ಹೆಸರು ಹೀಗೆ ಉಳಿದಿದೆ. ಮನೆಯೊಳಗೆ ಸೂಜಿ ಹಿಡಿದವರ ಹೆಸರು ಉಳಿಯಲಿಲ್ಲ. ಅವರು ಹೊಲಿದದ್ದು ಮಾತ್ರ ಅಲ್ಲೊಂದು ಇಲ್ಲೊಂದು ಟ್ರಂಕಿನಲ್ಲಿ ಉಳಿದಿದೆ.

ಇಳಕಲ್ ಸೀರೆಯಿಂದ ಕೌದಿಗೆ

ಸೀರೆ, ದೋತರಗಳಂತೆ ಕತ್ತರಿ ತಾಗದ ಬಟ್ಟೆಯಲ್ಲಿ ಪೂರ್ತಿ ಬಟ್ಟೆಯೇ ಮಾಯೆ ಎನ್ನಬೇಕು. ಏನು ಬೇಕಾದರೂ ಮಾಡಬಹುದು. ನಮ್ಮ ಕಡೆಯ ಇಳಕಲ್ ಸೀರೆಯ ಮೈ ಹತ್ತಿ, ಸೆರಗು ಕೆಂಪು ರೇಷ್ಮೆ. ಮೈಯ ನೂಲಿಗೆ ಸೆರಗಿನ ನೂಲನ್ನು ಮಗ್ಗದಲ್ಲೇ ಕೊಂಡಿ ಹಾಕಿ ಜೋಡಿಸುತ್ತಾರೆ. ಉಡುತ್ತ ಉಡುತ್ತ ಸೀರೆ ಒಂದು ಕಡೆ ಸವೆಯುತ್ತದೆ. ಸವೆದ ಭಾಗ ಕತ್ತರಿಸಿ, ಗಟ್ಟಿ ಇರುವ ಎರಡು ತುಂಡು ಜೋಡಿಸಿ ಹೊಲಿದು ಮತ್ತೆ ಉಡುವುದಿತ್ತು. ಹಾಗೆ ಜೋಡಿಸುವುದಕ್ಕೆ ಮರಾಠಿಯಲ್ಲಿ 'ದಂಡ' ಹಾಕುವುದು ಎನ್ನುತ್ತಾರೆ. ದಂಡ ಹಾಕಿದ ಸೀರೆ ಉಟ್ಟವಳು ಬಡವಿ ಎಂದು ಊರಿಗೇ ತಿಳಿಯುತ್ತಿತ್ತು.

ಉಡಲು ಆಗದ ಸೀರೆ ಹುಡುಗಿಗೆ ಪರಕಾರ. ಅದು ಹರಿದರೆ ಕೂಸಿಗೆ ಅಂಗಿ, ಕೂಸಿನ ಕೆಳಗೆ ಹಾಸುವ ಬಟ್ಟೆ. ಹಳೆ ಹತ್ತಿ ಸೀರೆಯಷ್ಟು ಮೆತ್ತನೆಯದು ಇನ್ನೊಂದಿಲ್ಲ. ಕೊನೆಗೆ ಎಲ್ಲ ಚೂರುಗಳೂ ಕೌದಿಯೊಳಗೆ. ಎರಡು ಮೂರು ಪದರು ಹಳೆ ಸೀರೆ ಹರಡಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಶುರು ಮಾಡಿ ಸಾಲು ಸಾಲಾಗಿ ಸಣ್ಣ ಹೊಲಿಗೆ ಹಾಕುತ್ತ ನಡುವಿಗೆ ಬರುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯಂತೂ ಈಗ ಹೊರದೇಶದ ವಸ್ತುಸಂಗ್ರಹಾಲಯದವರೂ ನೋಡುವಂಥದ್ದು. ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ತ್ರಿಕೋನದ 'ಫೂಲ' ಕೂರಿಸುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದ ಅದು ಹೊರಗೆ ಬೆಳಕಿಗೆ ಬಂತು. ಫೂಲ ಇಲ್ಲದ ಕೌದಿ ಬತ್ತಲೆ ಕೌದಿ ಎಂದು ಆ ಹೆಂಗಸರು ಹೇಳುತ್ತಾರಂತೆ.

1943ರ ಕಂಟ್ರೋಲ್

ನಮ್ಮ ಅವ್ವ ಒಂದು ಚೂರು ಬಟ್ಟೆಯನ್ನೂ ಎಸೆಯಲು ಬಿಡುತ್ತಿರಲಿಲ್ಲ. ಕೇಳಿದರೆ "ಕಂಟ್ರೋಲ್ ಕಾಲ ನೀವು ಕಂಡಿಲ್ಲ, ಅದಕ್ಕ ಹಿಂಗ ಮಾಡ್ತೀರಿ" ಅನ್ನುತ್ತಿದ್ದಳು.

ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಮಿಲ್ಲುಗಳ ಬಟ್ಟೆಯ ದೊಡ್ಡ ಪಾಲು ಸೈನ್ಯಕ್ಕೆ ಹೋಯಿತು, ಹೊರಗಿನ ಬಟ್ಟೆ ಬರುವುದು ನಿಂತಿತು. ಬೆಲೆ ಗಗನಕ್ಕೇರಿ, ಜೂನ್ 1943ರಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ಮೇಲೆ ಕಂಟ್ರೋಲ್ ಆಜ್ಞೆ ತಂದಿತು. ಬಟ್ಟೆಯ ಮೇಲೇ ಬೆಲೆಯ ಮುದ್ರೆ ಒತ್ತುವ ನಿಯಮ ಬಂತು. ಮುದ್ರೆಯ ಬೆಲೆಗೆ ಬಟ್ಟೆ ಸಿಗಬೇಕಲ್ಲ! ಅವ್ವ ತನ್ನ ತಾಯಿಯ ಸೀರೆಗೆ ದಂಡ ಹಾಕಿ ಉಟ್ಟದ್ದು ಆಗಲೇ. ಕಂಟ್ರೋಲ್ 1948ರ ಜನವರಿಯಲ್ಲಿ ತೆಗೆದರು, ಬೆಲೆ ಮತ್ತೆ ಏರಿದ್ದರಿಂದ ಅದೇ ವರ್ಷ ಮತ್ತೆ ತಂದರು.

ಬ್ರಿಟನ್ನಿನಲ್ಲೂ ಇದೇ ಪಾಡು. ಅಲ್ಲಿ 1941ರ ಜೂನ್ 1ರಿಂದ ಬಟ್ಟೆಗೆ ರೇಷನ್ ಕೂಪನ್ ಬಂತು, ತೆಗೆದದ್ದು 1949ರಲ್ಲಿ. 1943ರಲ್ಲಿ ಅಲ್ಲಿಯ ಸರ್ಕಾರ 'ಮೇಕ್ ಡೂ ಅಂಡ್ ಮೆಂಡ್' ಎಂಬ ಪುಸ್ತಿಕೆ ಹೊರಡಿಸಿತು. ಇದ್ದುದರಲ್ಲೇ ಸಾಗಿಸಿ, ಹರಿದದ್ದನ್ನು ಹೊಲಿದುಕೊಳ್ಳಿ ಎಂದು ಅದರ ತಾತ್ಪರ್ಯ. ಹಳೆ ಬಟ್ಟೆ ಬಿಚ್ಚಿ ಹೊಸದು ಮಾಡುವುದು, ತೇಪೆ ಹಾಕುವುದು ಅದರಲ್ಲಿ ಪಾಠವಾಗಿ ಬಂತು. ಅಂದರೆ, ಗಂಡಸರು ಯುದ್ಧಕ್ಕೆ ಹೋದಾಗ ಹೆಂಗಸಿನ ಸೂಜಿ ದೇಶಸೇವೆ ಎನಿಸಿತು. ಯುದ್ಧ ಮುಗಿದ ಮೇಲೆ ಮತ್ತೆ ಮನೆಗೆಲಸ.

ಅಂದ ಹಾಗೆ, ಊರೆಲ್ಲ ಬಟ್ಟೆಗೆ ಪರದಾಡುತ್ತಿದ್ದ ಅದೇ 1943ರಲ್ಲಿ ನಮ್ಮ ಗೋರೆಗಾಂವ್‌ನಲ್ಲಿ ಫಿಲ್ಮಿಸ್ತಾನ್ ಸ್ಟುಡಿಯೋ ಶುರುವಾಯಿತು. ತೆರೆಯ ಮೇಲಿನ ರಾಣಿಯರ ಜರಿ ಲಂಗ ನೋಡಿ ಬಂದವರು ಮನೆಯಲ್ಲಿ ಹಳೆ ಪರಕಾರಕ್ಕೆ ಅಂಚು ಕಟ್ಟಿಕೊಂಡಿರಬೇಕು.

ಯಂತ್ರ ಬಂತು

ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿ 1924ರಲ್ಲಿ ದೆಹಲಿಯಲ್ಲಿ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡುತ್ತ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುವ ಬೇಸರದ ದುಡಿಮೆ ನೋಡಲಾರದೆ ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದ ಎಂದು ಅವರು ನಂಬಿದ್ದರು. ಸಿಂಗರನ ಸಂಸಾರದ ಕಥೆ ಓದಿದವರು ಇದನ್ನು ಒಪ್ಪಲಿಕ್ಕಿಲ್ಲ! ಆದರೆ ಗಾಂಧೀಜಿ ಕೈಹೊಲಿಗೆಯನ್ನು ದುಡಿಮೆ ಎಂದು ಗುರುತಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

1930ರ ದಶಕದಲ್ಲಿ ಕಲ್ಕತ್ತದಲ್ಲಿ ನಮ್ಮದೇ ಉಷಾ ಯಂತ್ರ ಬಂತು. ಆದರೂ ನಮ್ಮ ಚಾಳಿನ ಇಪ್ಪತ್ತು ಖೋಲಿಗಳಲ್ಲಿ ಯಂತ್ರ ಇದ್ದದ್ದು ಎರಡರಲ್ಲಿ. ಇಡಲು ಜಾಗವೂ ಬೇಕಲ್ಲ. ಮೇಲಾಗಿ, ಹಳೆ ಬಟ್ಟೆಯ ಕೆಲಸಕ್ಕೆ ಯಂತ್ರ ಅರ್ಧ ಉಪಯೋಗ. ಉದ್ದ ಹೊಲಿಗೆಗೆ ಸೈ. ಆದರೆ ಬಿಚ್ಚುವುದು, ಸವೆದ ನೂಲಿಗೆ ನೂಲು ಹೆಣೆದು ರಫೂ ಮಾಡುವುದು, ಹೊರಗೆ ಕಾಣದಂತೆ ಅಂಚು ಎತ್ತುವುದು, ಇದೆಲ್ಲ ಬೆರಳಿನ ಕೆಲಸ.

1982

ಈಗ ಆಗಲೇ ಹೇಳುತ್ತೇನೆಂದ ಮಾತಿಗೆ ಬರುತ್ತೇನೆ.

ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿಯನ್ನು ಕಾವಸ್‌ಜಿ ದಾವರ್ 1854ರಲ್ಲಿ ಸ್ಥಾಪಿಸಿದರು. ತಾರ್‌ದೇವ್‌ನಲ್ಲಿ 1856ರಲ್ಲಿ ಅದು ಓಡತೊಡಗಿತು. ಅಲ್ಲಿಂದ ಬೆಳೆದ ಗಿರಣಿಗಳ ಊರಿನಲ್ಲಿ 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಮುಷ್ಕರ ಮುಗಿಯಿತು ಎಂದು ಯಾರೂ ಘೋಷಿಸಲಿಲ್ಲ. ಸೋತು ಹಾಗೇ ಕರಗಿತು. ಬಹಳ ಜನರಿಗೆ ಕೆಲಸ ಮತ್ತೆ ಸಿಗಲಿಲ್ಲ. ಕಾಕೂರ ಯಜಮಾನರೂ ಅವರಲ್ಲೊಬ್ಬರು.

ನಾಲ್ಕನೆಯ ತಿಂಗಳೋ ಐದನೆಯದೋ, ಕಾಕೂ ನಮ್ಮ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ. "ನಿನ್ನ ಹತ್ತಿರ ಮಗುಚುವ ಕಾಲರ್ ಇದ್ದರೆ ಕೊಡು, ಹೊಲಿದುಕೊಡ್ತೀನಿ. ಒಂದು ರೂಪಾಯಿ ಒಂದಕ್ಕೆ" ಎಂದು ಮರಾಠಿಯಲ್ಲಿ ಹೇಳಿದರು. ನನಗೆ ಕಲಿಸಿದವರು ಅವರು, ಒಂದು ಪೈಸೆ ತೆಗೆದುಕೊಳ್ಳದೆ. ಎಂಟು ವರ್ಷ ಅವರು ನನ್ನ ಮಕ್ಕಳ ಲಂಗ ಇಳಿಸಿದ್ದಕ್ಕೆ, ನಾನು ಅವರ ಕೌದಿಗೆ ಕೈ ಹಾಕಿದ್ದಕ್ಕೆ ಲೆಕ್ಕವೇ ಇರಲಿಲ್ಲ.

ನಾನು ಎರಡು ಅಂಗಿ ತಂದೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ಕೇಳಿ: "ಎರಡಕ್ಕೂ ಸೇರಿ ಒಂದೂವರೆ ಮಾಡಿಕೊಳ್ಳಿ ಕಾಕೂ."

ಬಾಜಿ ಮಾರುಕಟ್ಟೆಯಲ್ಲಿ ಚೌಕಾಶಿ ಮಾಡಿ ಬಂದ ರೂಢಿಯೋ, ಮನೆಗೆಲಸಕ್ಕೆ ದುಡ್ಡು ಕೊಡುವುದೇನು ಎಂಬ ಭಾವನೆಯೋ, ಗೊತ್ತಿಲ್ಲ. ಅವರು "ಬರಂ" ಎಂದು ಅಂಗಿ ತೆಗೆದುಕೊಂಡು ಹೋದರು. ಮಾರನೆಯ ದಿನ ತಂದುಕೊಟ್ಟರು. ಒಂದು ಹೊಲಿಗೆಯೂ ಆಚೀಚೆ ಇರಲಿಲ್ಲ. ಆಮೇಲೆ ಅವರು ಫಾಲ್ ಹಚ್ಚುವುದು, ಕಾಜಾ ಗುಂಡಿ, ಅಂಚು ಕೆಲಸ ಎಲ್ಲ ಹಿಡಿದರು. ಎರಡು ವರ್ಷ ಆ ಮನೆ ನಡೆದದ್ದು ಅದೇ ಸೂಜಿಯ ಮೇಲೆ. ಆಮೇಲೆ ಖೋಲಿ ಮಾರಿ ಊರಿಗೆ ಹೋದರು. ಆ ಎಂಟಾಣೆ ನಾನು ಕೊಡಲೇ ಇಲ್ಲ. ಕೊಡಲು ಹೋಗಿದ್ದರೂ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅದು ನನ್ನ ಮನಸ್ಸಿನಲ್ಲಿ ಗುಂಡುಸೂಜಿಯಂತೆ ಉಳಿದುಬಿಟ್ಟಿದೆ. ಒಂದು ಕಾಲರಿನ ಕೆಲಸಕ್ಕೆ ಬೆಲೆ ಒಂದು ರೂಪಾಯಿ ಎಂದು ಅವತ್ತು ಮೊದಲ ಬಾರಿ ಯಾರೋ ಹೇಳಿದರು, ಅದನ್ನೂ ಇಳಿಸಿದವಳು ನಾನು, ಅದೇ ಕೆಲಸ ಮಾಡುವವಳು. ನನ್ನ ಕೈಗೂ ನಾನು ಅಷ್ಟೇ ಬೆಲೆ ಕಟ್ಟಿದ್ದೆನಲ್ಲ!

ಮಾಯೆ ಎಲ್ಲಿ ಹೋಯಿತು

ಅದೇ 1982ರಲ್ಲಿ ಮುಂಬಯಿಯ ಹೊರಗೆ ಪಾತಾಳಗಂಗಾದಲ್ಲಿ ರಿಲಯನ್ಸ್‌ನ ಪಾಲಿಯೆಸ್ಟರ್ ನೂಲಿನ ಕಾರ್ಖಾನೆ ಶುರುವಾಯಿತು. ಟೆರಿಕಾಟ್ ಅಂಗಿ ಮೊದಲೇ ಬಂದಿತ್ತು. ಪಾಲಿಯೆಸ್ಟರ್ ಬೇಗ ಸವೆಯುವುದಿಲ್ಲ, ಕಾಲರ್ ಮಗುಚುವ ಪ್ರಮೇಯ ಕಡಿಮೆ. ಆದರೆ ಕೌದಿಗೆ ಬಾರದು, ಕೂಸಿಗೆ ಹಾಸಲು ಬಾರದು, ಬೆವರು ಹೀರದು. ಹಳೆ ಬಟ್ಟೆಯ ಮುಂದಿನ ಜನ್ಮಗಳೆಲ್ಲ ಅಲ್ಲಿಗೇ ಮುಗಿದವು.

ನಮ್ಮ ಟ್ರಂಕುಗಳು ತುಂಬತೊಡಗಿದಾಗ ಬೋಹಾರೀಣಿಗೆ ಕೊಟ್ಟೆವು. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಗಲ್ಲಿಗೆ ಬರುವ ವಾಘ್ರಿ ಸಮಾಜದ ಹೆಂಗಸರು. ನಾಲ್ಕು ಪ್ಯಾಂಟಿಗೆ ಒಂದು ಡಬ್ಬಿ. ಆ ಬಟ್ಟೆಯನ್ನು ಅವರು ಒಗೆದು, ಹೊಲಿದು, ಇಸ್ತ್ರಿ ಮಾಡಿ ಹಳೆ ಬಟ್ಟೆಯ ಸಂತೆಯಲ್ಲಿ ಮಾರುತ್ತಾರೆ. ನಾವು ಕೈಬಿಟ್ಟ ಕೆಲಸವನ್ನು ಅವರು ಹಿಡಿದುಕೊಂಡರು.

ಆಮೇಲೆ ರೆಡಿಮೇಡ್. ಜಗತ್ತಿನ ಬಟ್ಟೆ ವ್ಯಾಪಾರಕ್ಕೆ ಇದ್ದ ಕೋಟಾ ಪದ್ಧತಿ 2005ರ ಜನವರಿ 1ಕ್ಕೆ ಕೊನೆಯಾದ ಮೇಲೆ ಇನ್ನೂ ಅಗ್ಗವಾಗಿ ಹೊಲಿಯುವ ಪೈಪೋಟಿ ಹೆಚ್ಚಿತು. ಕಾರ್ಖಾನೆಯಲ್ಲಿ ಒಂದು ಅಂಗಿಗೆ ಅರ್ಧ ಇಂಚು ಉಳಿಸಿದರೆ ಲಕ್ಷ ಅಂಗಿಗೆ ಎಷ್ಟು ಉಳಿಯಿತು, ಲೆಕ್ಕ ಹಾಕಿ. ಮಾಯೆ ಹೋದದ್ದು ಹಾಗೆ. ಟೇಲರ್ ಹೊಲಿದ ರವಿಕೆಯಲ್ಲಿ ಮಾತ್ರ ಇಂದಿಗೂ ಒಳಗೆ ಎರಡು ಮೂರು ಸಾಲು ಹೊಲಿಗೆ ಇರುತ್ತದೆ, ಒಂದೊಂದೇ ಬಿಚ್ಚಿಕೊಳ್ಳಬಹುದು.

ಹಾಗಾದರೆ ಕೈಯ ಬೆಲೆ ಏರಿತೇ? ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ, ಹೆಚ್ಚಿನವರು ಹೆಂಗಸರು, ಸುತ್ತಮುತ್ತಲ ಹಳ್ಳಿಗಳ ನಮ್ಮ ಕನ್ನಡದ ಹೆಣ್ಣುಮಕ್ಕಳು. 2016ರ ಏಪ್ರಿಲ್‌ನಲ್ಲಿ ಪ್ರಾವಿಡೆಂಟ್ ಫಂಡ್ ಹಣ ತೆಗೆಯಲು ಸರ್ಕಾರ ಹೊಸ ನಿರ್ಬಂಧ ತಂದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಟಿವಿಯಲ್ಲಿ ಅವರ ಮುಖಗಳನ್ನು ನೋಡುತ್ತ ನನಗೆ ಬಾಗಿಲಲ್ಲಿ ನಿಂತ ಕಾಕೂ ನೆನಪಾದರು. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಕುಸಿದಾಗ 1100ಕ್ಕೂ ಹೆಚ್ಚು ಜನ ಸತ್ತರು, ಅವರೂ ಬಟ್ಟೆ ಹೊಲಿಯುವವರು. ನಮಗೆ ಬಟ್ಟೆ ಅಗ್ಗವಾದದ್ದು ಎರಡಕ್ಕೆ ಒಂದೂವರೆ ಎಂದು ಎಲ್ಲೋ ಯಾರೋ ಇಂದಿಗೂ ಚೌಕಾಶಿ ಮಾಡುತ್ತಿರುವುದರಿಂದ.

ಲೋವರ್ ಪರೇಲ್‌ನ ಫೀನಿಕ್ಸ್ ಮಿಲ್ ಈಗ ಮಾಲ್ ಆಗಿದೆ. ಹಳೆ ಬಟ್ಟೆ ಮತ್ತೆ ಬಳಸುವುದು ಪರಿಸರಕ್ಕೆ ಒಳ್ಳೆಯದು ಎಂದು ಅಲ್ಲಿಯ ಅಂಗಡಿಗಳಲ್ಲೂ ಬರೆದು ಹಾಕುತ್ತಾರೆ. ಒಳ್ಳೆಯದೇ. ತೇಪೆ ಹಾಕಿದ ಜೀನ್ಸ್‌ಗೆ ಹೊಸದಕ್ಕಿಂತ ಹೆಚ್ಚು ಬೆಲೆ ಇಟ್ಟದ್ದನ್ನೂ ನೋಡಿದೆ. ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ!

ಮೊಮ್ಮಗಳ ಕುರ್ತಾ ಏನಾಯಿತು ಎಂದು ಹೇಳದೆ ಮುಗಿಸುವುದು ಹೇಗೆ? ಎರಡೂ ಬದಿ ಬಿಚ್ಚಿ, ಕಂಕುಳಿನಿಂದ ಅಂಚಿನ ತನಕ ಕಲಿ ಕೂರಿಸಿದೆ. ಟ್ರಂಕಿನಲ್ಲಿ ಗುಳೇದಗುಡ್ಡದ ಒಂದು ಹಳೆ ಖಣ ಇತ್ತು, ಅದರದ್ದು. ಕಣ್ಣು ಮೊದಲಿನಂತಿಲ್ಲ, ನಾಲ್ಕು ಸಂಜೆ ಹಿಡಿಯಿತು. ಹಾಕಿಕೊಂಡು ಕಾಲೇಜಿಗೆ ಹೋದಳು. ಎಲ್ಲಿ ಕೊಂಡೆ ಎಂದು ಗೆಳತಿಯರು ಕೇಳಿದರಂತೆ. ಬಂದವಳೇ "ಅಜ್ಜಿ, ಇದಕ್ಕೆ ನಾನು ಎಷ್ಟು ಕೊಡಬೇಕು?" ಎಂದು ತಮಾಷೆ ಮಾಡಿದಳು.

ಕೂರಿಸಿಕೊಂಡು ಕಾಕೂರ ಕಥೆ ಹೇಳಿದೆ. ನಗಲಿಲ್ಲ, ಪೂರ್ತಿ ಕೇಳಿದಳು. ಕಲಿಯ ಒಳಗೆ ಎರಡೂ ಕಡೆ ಒಂದೊಂದು ಇಂಚು ಮಾಯೆ ಬಿಟ್ಟಿದ್ದೇನೆ, ಬೇಕಾದಾಗ ಬಿಚ್ಚಿಕೊಳ್ಳಬಹುದು ಎಂದು ತೋರಿಸಿದೆ. ಬಿಚ್ಚುವುದು ಹೇಗೆ ಎಂದು ಈ ಭಾನುವಾರ ಹೇಳಿಕೊಡಬೇಕಂತೆ. ಬರುವಾಗ ಎಂಟಾಣೆ ತಾ ಅಂದಿದ್ದೇನೆ. ಎಂಟಾಣೆ ಈಗ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದಾಳೆ.